ಬಟ್ಟೆ ಗಟ್ಟಿ ಇದ್ದರೂ ಹೊಲಿಗೆ ಬಿಡೋದು ಯಾಕೆ? ಅಂಗಡಿ ಮುಂದಿನ ಟಾರ್ಪಾಲ್ ಹೊಲಿಸುವ ಮುನ್ನ ತಿಳಿಯಬೇಕಾದ್ದು

ಯಲಹಂಕ: ಏಪ್ರಿಲ್ ಕೊನೆಗೆ ಭರಣಿ ಮಳೆ, ಅದರ ಬೆನ್ನಿಗೇ ಕೃತ್ತಿಕೆ. ಮಳೆಗಿಂತ ಮುಂಚೆ ಬರೋದು ಗಾಳಿ. ಆ ಮೊದಲ ಗಾಳಿಗೇ ಅಂಗಡಿ ಮುಂದಿನ ಟಾರ್ಪಾಲ್ ಒಂದು ಮೂಲೆಯಿಂದ ಬಿಟ್ಟುಕೊಂಡು ಪಟಪಟ ಬಡಿಯೋದು, ಕೆಳಗಿಟ್ಟ ಈರುಳ್ಳಿ ಮೂಟೆ, ಬಿಸ್ಕೆಟ್ ಡಬ್ಬ ಎಲ್ಲಾ ತೊಯ್ದು ಹೋಗೋದು ಹೆಬ್ಬಾಳದಿಂದ ಯಶವಂತಪುರದ ತನಕ ಯಾವ ಅಂಗಡಿಯವರಿಗೂ ಹೊಸತಲ್ಲ. ಗಾಳಿ ಜೋರಿತ್ತು, ಏನ್ ಮಾಡೋಕಾಗುತ್ತೆ ಅಂತ ಹೊಸದು ತರ್ತೀವಿ.

ಆದರೆ ಹರಿದ ಜಾಗವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಹಳಷ್ಟು ಸಲ ಬಟ್ಟೆ ಹರಿದಿರೋದಿಲ್ಲ. ಸೂಜಿ ಚುಚ್ಚಿದ ತೂತುಗಳ ಸಾಲು ಹಾಗೇ ಇರುತ್ತೆ, ಅದರೊಳಗಿನ ದಾರ ಮಾತ್ರ ಇರೋದಿಲ್ಲ. ಅಂದರೆ ಇನ್ನೂ ಒಂದೆರಡು ವರ್ಷ ಬಾಳಬೇಕಿದ್ದ ಬಟ್ಟೆಯನ್ನು ನಾವು ದಾರದ ತಪ್ಪಿಗೆ ಬಿಸಾಡ್ತಾ ಇದ್ದೀವಿ. ಗಾಳಿ ಬಂದದ್ದು ಕೊನೇ ದಿನ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಬಿಸಿಲು ಆ ದಾರವನ್ನು ಸದ್ದಿಲ್ಲದೆ ತಿಂದು ಹಾಕಿರುತ್ತೆ.

ಸೆಕೆ ಬೇರೆ, ಬಿಸಿಲು ಬೇರೆ

ನಮ್ಮೂರಲ್ಲಿ ರಾಯಚೂರು, ಕಲಬುರಗಿಯಷ್ಟು ಬಿಸಿ ಇಲ್ಲವಲ್ಲ, ಬಟ್ಟೆಗೇನಾಗುತ್ತೆ ಅನ್ನೋ ಮಾತು ಸಾಮಾನ್ಯ. ಬಟ್ಟೆ, ದಾರ, ಪ್ಲಾಸ್ಟಿಕ್ಕನ್ನು ಹಾಳು ಮಾಡೋದು ಮುಖ್ಯವಾಗಿ ಸೆಕೆಯಲ್ಲ. ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಎಲ್ಲರ ಬಾಯಲ್ಲಿ ಯುವಿ ಅನ್ನೋದು. ನೈಲಾನ್, ಪಾಲಿಯೆಸ್ಟರ್, ಪ್ಲಾಸ್ಟಿಕ್ ಎಲ್ಲವೂ ಉದ್ದುದ್ದ ಸರಪಳಿಗಳಂಥ ಅಣುಗಳಿಂದ ಆದವು. ಈ ಕಿರಣ ಬಿದ್ದಲ್ಲೆಲ್ಲ ಸರಪಳಿಯ ಕೊಂಡಿ ಒಂದೊಂದಾಗಿ ಕತ್ತರಿಸುತ್ತೆ. ಮೇಲ್ನೋಟಕ್ಕೆ ದಾರ ಹಾಗೇ ಇರುತ್ತೆ, ಎಳೆದರೆ ಒಣ ಶಾವಿಗೆ ಥರ ಪಟ್ ಅಂತ ಮುರಿಯುತ್ತೆ. ಬಿಸಿ ಈ ಕೆಲಸವನ್ನು ಇನ್ನಷ್ಟು ಬೇಗ ಮಾಡಿಸುತ್ತೆ ಅಷ್ಟೇ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ 1000 ಮೀಟರ್ ಮೇಲೇರಿದಂತೆ ಯುವಿ ಸುಮಾರು 10 ಶೇಕಡಾ ಹೆಚ್ಚುತ್ತೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದರ ಮೇಲೆ ನಾವಿರೋದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಸೂರ್ಯ ಮಧ್ಯಾಹ್ನ ಸರಿಯಾಗಿ ನಡುನೆತ್ತಿಗೆ ಬಂದು ನೆರಳೇ ಮಾಯವಾಗುತ್ತಲ್ಲ, ಆಗ ಟಾರ್ಪಾಲಿನ ಮೇಲೆ ಬಿಸಿಲು ಲಂಬವಾಗಿ ಬೀಳುತ್ತೆ. ತಂಪು ಗಾಳಿ ಬೀಸ್ತಾ ಇದ್ದರೂ, ತೆಳು ಮೋಡ ಇದ್ದರೂ ಈ ಕಿರಣದ ಬಹುಪಾಲು ಕೆಳಗೆ ಬಂದೇ ಬರುತ್ತೆ. ಹಾಗಾಗಿ ಹವಾ ಚೆನ್ನಾಗಿದೆ ಅಂತ ನಮಗೆ ಅನ್ನಿಸುವ ದಿನವೂ ದಾರ ಸವೆಯುತ್ತಲೇ ಇರುತ್ತೆ.

ಬಟ್ಟೆಯಲ್ಲಿ ಏನೇನಿದೆ

ಎಲ್ಲಕ್ಕಿಂತ ಅಗ್ಗದ್ದು ನೀಲಿ ಟಾರ್ಪಾಲ್. ಕೆಲವರು ತಾಡಪಾಲು ಅಂತಾರೆ. ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಪಟ್ಟಿಗಳನ್ನು ನೇಯ್ದು ಎರಡೂ ಕಡೆ ಪ್ಲಾಸ್ಟಿಕ್ ಲೇಪಿಸಿರುತ್ತಾರೆ. ಇದಕ್ಕೆ ಐಎಸ್ 7903 ಅನ್ನೋ ಭಾರತೀಯ ಮಾನಕ ಇದೆ. ಆ ಗುರುತು ಇದೆಯಾ ಅಂತ ನೋಡಿ, ಯುವಿ ತಡೆಯುವ ಅಂಶ ಸೇರಿಸಿದ್ದಾರಾ ಅಂತ ಕೇಳಿ. ಅದು ಇಲ್ಲದ ಪ್ಲಾಸ್ಟಿಕ್ ನಮ್ಮ ಬಿಸಿಲಲ್ಲಿ ಬೇಗ ಪುಡಿಪುಡಿಯಾಗುತ್ತೆ, ಮುಟ್ಟಿದರೆ ಕೈಗೆ ನೀಲಿ ಹುಡಿ ಅಂಟುತ್ತೆ.

ಅಂಗಡಿಯವರು 250 ಜಿಎಸ್‌ಎಂ ಅಂತ ಹೇಳಿ ಕೊಟ್ಟಿದ್ದು ನಿಜವಾಗಿ ಎಷ್ಟಿದೆ ಅಂತ ತಿಳಿಯೋಕೆ ಸುಲಭ ದಾರಿ ಇದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅಂತ. ಸ್ಯಾಂಪಲ್ ತುಂಡನ್ನು ಸರಿಯಾಗಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಕತ್ತರಿಸಿ, ಪಕ್ಕದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಬಂದ ಗ್ರಾಮನ್ನು 100ರಿಂದ ಗುಣಿಸಿದರೆ ಆಯ್ತು. ಎರಡೂವರೆ ಗ್ರಾಂ ಬಂದರೆ 250. ಒಂದೂವರೆ ಬಂದರೆ ನಿಮಗೆ ಕೊಟ್ಟಿರೋದು 150. ಹತ್ತಾರು ಅಡಿ ತಗೊಳ್ಳುವಾಗ ಇಷ್ಟು ಕೇಳೋಕೆ ಸಂಕೋಚ ಬೇಡ.

ಇನ್ನೊಂದು, ಪಿವಿಸಿ ಲೇಪಿಸಿದ ಪಾಲಿಯೆಸ್ಟರ್. ಯಶವಂತಪುರ ಎಪಿಎಂಸಿ ಯಾರ್ಡಿಗೆ ಬರುವ ಲಾರಿಗಳ ಮೇಲೆ ದಪ್ಪಗೆ ನುಣುಪಾಗಿ ಕಾಣೋದು ಇದೇ ಜಾತಿಯದು. ನೀರು ಒಂದು ಹನಿ ಇಳಿಯೋಲ್ಲ, ಗಾಳಿಗೆ ತಡೆಯುತ್ತೆ. ದೊಡ್ಡ ಅನುಕೂಲ ಅಂದರೆ ಇದನ್ನು ಬಿಸಿಗಾಳಿಯಲ್ಲಿ ಕರಗಿಸಿ ಅಂಟಿಸಬಹುದು, ಹಾಗಾಗಿ ಆ ಜೋಡಣೆಗಳಲ್ಲಿ ದಾರದ ತಲೆನೋವೇ ಇಲ್ಲ. ತೊಂದರೆ ಅಂದರೆ ಭಾರ ಜಾಸ್ತಿ, ಕೆಳಗೆ ಗಾಳಿಯಾಡದೆ ಧಗೆ. ವರ್ಷಗಳು ಕಳೆದಂತೆ ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಹಾರಿಹೋಗಿ ಮಡಿಕೆ ಬಿದ್ದ ಕಡೆ ಬಿರುಕು ಬಿಡುತ್ತೆ. ಆಟೋ ಟಾಪಿನ ರೆಕ್ಸಿನ್ ಹಳೇದಾದಾಗ ಗೆರೆಗೆರೆಯಾಗಿ ಒಡೆಯೋದನ್ನು ನೋಡಿರ್ತೀರಲ್ಲ, ಅದೇ ಕಥೆ.

ಹಳೇ ಫ್ಲೆಕ್ಸ್ ಬ್ಯಾನರ್ ಕಟ್ಟೋರಿಗೆ ಒಂದು ಮಾತು. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ತುಂಬಾ ಫ್ಲೆಕ್ಸ್ ಕಿತ್ತರು, ಆದರೂ ಹುಟ್ಟುಹಬ್ಬದ ನಾಯಕರು ಇವತ್ತಿಗೂ ಎಷ್ಟೋ ತಳ್ಳುಗಾಡಿಗಳಿಗೆ ನೆರಳಾಗಿದ್ದಾರೆ. ಪುಕ್ಕಟೆ ಸಿಕ್ಕಿದ್ದನ್ನು ಬೇಡ ಅನ್ನೋಕಾಗಲ್ಲ. ಆದರೆ ಅದು ಕೆಲವೇ ದಿನ ನೇತುಹಾಕೋಕೆ ಮಾಡಿದ ತೆಳು ಸರಕು. ಬಿಸಿಲಿಗೆ ಸರಿ, ಮಳೆಗಾಲಕ್ಕೆ ಅದನ್ನೇ ನೆಚ್ಚಬೇಡಿ.

ದಪ್ಪ ಕಾಟನ್ ಕ್ಯಾನ್ವಾಸ್ ಹಳೇ ಕಾಲದ್ದು. ನೆರಳು ತಂಪು, ನೆನೆದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತೆ. ಆದರೆ ಒದ್ದೆಯಿದ್ದಾಗಲೇ ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುತ್ತೆ. ಜೂನ್‌ನಿಂದ ಅಕ್ಟೋಬರ್ ತನಕ ದಿನಾ ಬಿಚ್ಚಿ ಒಣಗಿಸೋರು ಯಾರಿದ್ದಾರೆ?

ಇವೆಲ್ಲಕ್ಕಿಂತ ದುಬಾರಿ, ಬಿಸಿಲಿಗೆ ಎಲ್ಲಕ್ಕಿಂತ ಚೆನ್ನಾಗಿ ತಡೆಯೋದು ಅಕ್ರಿಲಿಕ್ ಬಟ್ಟೆ. ಹೋಟೆಲ್, ಕಾಫಿ ಶಾಪುಗಳ ಮುಂದೆ ಮಡಚುವ ಚಾವಣಿಗೆ ಹಾಕ್ತಾರೆ. ಅಮೆರಿಕದ ಗ್ಲೆನ್ ರೇವನ್ ಗಿರಣಿ 1961ರಲ್ಲಿ ಸನ್‌ಬ್ರೆಲಾ ಅನ್ನೋ ಹೆಸರಲ್ಲಿ ಇದನ್ನು ಅಂಗಡಿ ಚಾವಣಿಗೆಂದೇ ತಂದಿತು, ಆಮೇಲೆ ದೋಣಿಗಳಿಗೂ ಹೋಯ್ತು. ಇದರ ಗುಟ್ಟು ಬಣ್ಣದಲ್ಲಿದೆ. ನೂಲು ಮಾಡಿ ಆಮೇಲೆ ಬಣ್ಣದಲ್ಲಿ ಅದ್ದಿದರೆ ಅದು ಗೋಡೆಗೆ ಸುಣ್ಣ ಬಳಿದ ಹಾಗೆ, ಮೇಲಿನ ಪದರ ಹೋದರೆ ಮುಗೀತು. ಇಲ್ಲಿ ಎಳೆ ಆಗುವ ಮುಂಚೆಯೇ ಕರಗಿದ ದ್ರಾವಣಕ್ಕೆ ಬಣ್ಣ ಸೇರಿಸಿರುತ್ತಾರೆ. ಅರಿಶಿನ ಕೊಂಬು ಎಲ್ಲಿ ಮುರಿದರೂ ಒಳಗೆ ಹಳದಿಯೇ ಇರುತ್ತಲ್ಲ, ಹಾಗೆ. ತೂಕ ಸುಮಾರು 300 ಜಿಎಸ್‌ಎಂ, ಗಾಳಿಯಾಡುತ್ತೆ. ಪೂರ್ತಿ ನೀರು ತಡೆಯೋಲ್ಲ, ಇಳಿಜಾರು ಚೆನ್ನಾಗಿದ್ದರೆ ನೀರು ಜಾರಿಹೋಗುತ್ತೆ. ತಗಡಿನ ಅಂಚಿಗೆ ಉಜ್ಜಿದರೆ ಬೇಗ ಸವೆಯುತ್ತೆ ಅನ್ನೋದು ನೆನಪಿರಲಿ. ಸಣ್ಣ ಅಂಗಡಿಗೆ ಇದು ಬೇಕೇ ಬೇಕು ಅಂತೇನಿಲ್ಲ. ದಿನಸಿ, ಹಣ್ಣಿನ ಅಂಗಡಿಗೆ ಒಳ್ಳೆ ಪಿವಿಸಿ ಬಟ್ಟೆ ಸಾಕು ಅನ್ನೋದು ನಮ್ಮ ಅಭಿಪ್ರಾಯ.

ದಾರ: ಬಿಲ್ಲಲ್ಲಿ ಕಾಣದ ಸಾಮಾನು

ಬಟ್ಟೆಗೆ ಇಷ್ಟೆಲ್ಲ ವಿಚಾರಿಸಿದ ಮೇಲೆ ಹೊಲಿಯೋರ ಹತ್ತಿರ ಹೋಗಿ "ಗಟ್ಟಿ ದಾರ ಹಾಕಪ್ಪ" ಅಂದು ಬಂದುಬಿಡ್ತೀವಿ. ಎಡವಟ್ಟಾಗೋದು ಅಲ್ಲೇ. ಕೈಯಲ್ಲಿ ಎಳೆದು ನೋಡಿದಾಗ ಎಲ್ಲಕ್ಕಿಂತ ಗಟ್ಟಿ ಅನ್ನಿಸೋದು ನೈಲಾನ್ ದಾರ. ಶೂ, ಸ್ಕೂಲ್ ಬ್ಯಾಗ್, ಸೋಫಾ ಕುಶನ್ನಿಗೆ ಅದು ನಿಜಕ್ಕೂ ಒಳ್ಳೇದು. ಆದರೆ ಬಿಸಿಲಲ್ಲಿ ನೈಲಾನ್ ತನ್ನ ಶಕ್ತಿಯನ್ನು ಪಾಲಿಯೆಸ್ಟರಿಗಿಂತ ಬೇಗ ಕಳೆದುಕೊಳ್ಳುತ್ತೆ. ಸೀಟ್ ಕವರ್ ಅಂಗಡಿಯಲ್ಲಿ ಟಾರ್ಪಾಲ್ ಹೊಲಿಸಿದರೆ ಮೆಷಿನ್ನಿನಲ್ಲಿ ಆಗಲೇ ಏರಿಸಿಟ್ಟಿದ್ದ ನೈಲಾನ್ ದಾರವೇ ಬೀಳುವ ಸಾಧ್ಯತೆ ಹೆಚ್ಚು. ಅವರು ಮೋಸ ಮಾಡ್ತಿಲ್ಲ, ಗಟ್ಟಿ ದಾರ ಕೇಳಿದಿರಿ, ಗಟ್ಟಿ ದಾರವನ್ನೇ ಹಾಕಿದ್ದಾರೆ. ಕೇಳಬೇಕಾದ್ದು ಬಿಸಿಲಿಗೆ ತಡೆಯುವ ದಾರ.

ಬಟ್ಟೆಗಿಂತ ದಾರ ಯಾಕೆ ಮೊದಲು ಸಾಯುತ್ತೆ ಅನ್ನೋದೂ ಕಷ್ಟದ ವಿಷಯವಲ್ಲ. ಬಟ್ಟೆಯಲ್ಲಿ ನೂಲುಗಳು ಒಂದರ ಕೆಳಗೊಂದು ಅಡಗಿರುತ್ತವೆ, ಮೇಲೆ ಲೇಪನವೂ ಇರುತ್ತೆ. ಹೊಲಿಗೆಯ ದಾರ ಮಾತ್ರ ಬಟ್ಟೆಯ ಮೇಲೆ ಉಬ್ಬಿಕೊಂಡು ಬರೀ ಮೈಯಲ್ಲಿ ಬಿಸಿಲಿಗೆ ನಿಂತಿರುತ್ತೆ. ಗಾಳಿ ಬಂದಾಗ ಇಡೀ ಟಾರ್ಪಾಲಿನ ಎಳೆತ ಬೀಳೋದೂ ಅದರ ಮೇಲೇ.

ಇದನ್ನು ದೋಣಿಗೆ ಕ್ಯಾನ್ವಾಸ್ ಹೊಲಿಯುವವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ವರ್ಷಪೂರ್ತಿ ನೀರಿನ ಮೇಲೆ ಬಯಲಲ್ಲಿ ನಿಲ್ಲುವ ದೋಣಿಗಳ ಚಾವಣಿಗೆ ಅಕ್ರಿಲಿಕ್ ಬಟ್ಟೆ, ಬಾಂಡೆಡ್ ಪಾಲಿಯೆಸ್ಟರ್ ದಾರ ಹಾಕ್ತಾರೆ. ಅಷ್ಟಾದರೂ ಬಟ್ಟೆಯ ಆಯಸ್ಸು ಮುಗಿಯುವ ಮುಂಚೆ ದಾರ ಸೋಲುತ್ತೆ, ಮಧ್ಯದಲ್ಲೊಮ್ಮೆ ಮರುಹೊಲಿಗೆ ಹಾಕಿಸೋದು ಅವರಿಗೆ ಮಾಮೂಲಿ ಖರ್ಚು. ಬಾಂಡೆಡ್ ಅಂದರೆ ಎಳೆಗಳು ಬಿಚ್ಚಿಕೊಳ್ಳದ ಹಾಗೆ ಮೇಲೊಂದು ಅಂಟಿನ ಲೇಪ ಕೊಟ್ಟ ದಾರ.

ಹಾಗಾದರೆ ನಾವು ಕೇಳಬೇಕಾದ್ದು ಬಾಂಡೆಡ್ ಪಾಲಿಯೆಸ್ಟರ್, ಹೊರಗಿನ ಬಳಕೆಗೆ ಯುವಿ ತಡೆ ಇರುವಂಥದ್ದು. ದಪ್ಪ ಎಷ್ಟು? ದಾರದ ದಪ್ಪವನ್ನು ಟೆಕ್ಸ್ ಲೆಕ್ಕದಲ್ಲಿ ಹೇಳ್ತಾರೆ. 1000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತೋ ಅದೇ ಟೆಕ್ಸ್. ಶರ್ಟ್ ಹೊಲಿಯುವ ದಾರ 25–30 ಟೆಕ್ಸ್. ಚಾವಣಿಗೆ 90, ಭಾರೀ ಪಿವಿಸಿ ಆದರೆ 135. ಕೋನಿನ ಮೇಲೆ ಟೆಕ್ಸ್ ಬದಲು ಟಿಕೆಟ್ ನಂಬರ್ ಇದ್ದರೆ ಲೆಕ್ಕ ಉಲ್ಟಾ, ನಂಬರ್ ಕಡಿಮೆಯಾದಷ್ಟೂ ದಾರ ದಪ್ಪ. 3000ವನ್ನು ಟೆಕ್ಸ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ ಟಿಕೆಟ್ ನಂಬರ್ ಸಿಗುತ್ತೆ. ಅಂದರೆ 30ರ ಟಿಕೆಟ್ ನಮಗೆ ಬೇಕಾದ ದಪ್ಪ, 120ರ ಟಿಕೆಟ್ ಶರ್ಟಿನ ದಾರ. ದಪ್ಪ ದಾರಕ್ಕೆ ಇನ್ನೊಂದು ಲಾಭ ಇದೆ. ಬಿಸಿಲು ಹೊರಗಿನಿಂದ ಒಳಕ್ಕೆ ತಿನ್ನುತ್ತಾ ಬರೋದರಿಂದ, ಒಳಗಿನ ಎಳೆಗಳು ಇನ್ನೂ ಸ್ವಲ್ಪ ಕಾಲ ಉಳಿದಿರುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ನೀರಿನ ಪೈಪುಗಳು ಯಾಕೆ ಕಪ್ಪಗಿರುತ್ತವೆ ಅಂತ ಯೋಚಿಸಿದ್ದೀರಾ? ಪ್ಲಾಸ್ಟಿಕ್ಕಿಗೆ ಕಾರ್ಬನ್ ಬ್ಲ್ಯಾಕ್, ಅಂದರೆ ನುಣ್ಣನೆ ಮಸಿ ಸೇರಿಸಿರುತ್ತಾರೆ. ನೀರಿನ ಎಚ್‌ಡಿಪಿಇ ಪೈಪಿನ ಮಾನಕ ಐಎಸ್ 4984ರಲ್ಲಿ ಈ ಮಸಿ ಎರಡೂವರೆ ಶೇಕಡಾದಷ್ಟು ಇರಬೇಕು ಅಂತಲೇ ಇದೆ. ಯುವಿಯನ್ನು ತಾನೇ ನುಂಗಿ ಒಳಗಿನ ಪ್ಲಾಸ್ಟಿಕ್ಕನ್ನು ಕಾಯೋದರಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ದಾರದಲ್ಲೂ ಮಸಿ ಬೆರೆಸಿ ಮಾಡಿದ ಕಪ್ಪು ದಾರ ಬಿಳಿ, ಕೆಂಪು ದಾರಕ್ಕಿಂತ ಹೆಚ್ಚು ಬಾಳುತ್ತೆ. ಆದರೆ ಬರೀ ಬಣ್ಣದಲ್ಲಿ ಅದ್ದಿದ ಕಪ್ಪಿಗೆ ಈ ಗುಣ ಬರೋದಿಲ್ಲ. ಅದಕ್ಕೇ ಬಣ್ಣ ನೋಡಿ ಸುಮ್ಮನಾಗದೆ ಯುವಿ ತಡೆ ಇದೆಯಾ ಅಂತ ಕೇಳಬೇಕು.

ಬಿಸಿಲು ತಡೆಯೋಕೆ ಬಣ್ಣವನ್ನು ಬಳಸೋ ಉಪಾಯ ಬೆಂಗಳೂರಿಗೆ ಹಳೇದು. ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಅನ್ನೋ ಪುಟ್ಟ ತರಬೇತಿ ವಿಮಾನ 1958ರಲ್ಲಿ ಮೊದಲು ಹಾರಿತು. ಅದು ಬಟ್ಟೆ ಹೊದಿಸಿದ ವಿಮಾನ. ಅಂಥ ವಿಮಾನಗಳ ಬಟ್ಟೆಗೆ ಅಲ್ಯೂಮಿನಿಯಂ ಪುಡಿ ಕಲಸಿದ ಬೆಳ್ಳಿ ಬಣ್ಣದ ಲೇಪ ಬಳಿಯುತ್ತಿದ್ದದ್ದು ಚೆಂದಕ್ಕಲ್ಲ, ಬಿಸಿಲು ಬಟ್ಟೆಗೆ ತಾಗದಿರಲಿ ಅಂತ.

ಪಾಲಿಯೆಸ್ಟರಿಗಿಂತ ಮೇಲೆ ಒಂದೇ ಒಂದು ದಾರ ಇದೆ, ಪಿಟಿಎಫ್‌ಇ. ದೋಸೆ ಅಂಟದ ನಾನ್‌ಸ್ಟಿಕ್ ತವಾದ ಲೇಪನ ಇದೆಯಲ್ಲ, ಅದೇ ವಸ್ತು. 1938ರಲ್ಲಿ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಬೇರೇನೋ ಮಾಡಲು ಹೋಗಿ ಇದನ್ನು ಕಂಡರು. ಯುವಿ ಇದಕ್ಕೆ ಹೆಚ್ಚೇನೂ ಮಾಡೋಕಾಗಲ್ಲ. ಬೆಲೆ ಪಾಲಿಯೆಸ್ಟರಿನ ಹಲವು ಪಟ್ಟು, ನುಣುಪಾಗಿ ಜಾರೋದರಿಂದ ಮೆಷಿನ್ ಹೊಂದಿಸೋದೂ ಕಿರಿಕಿರಿ. ಹತ್ತು ವರ್ಷ ವಾರಂಟಿಯ ಅಕ್ರಿಲಿಕ್ ಬಟ್ಟೆ ಹಾಕಿಸೋರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತೆ. ನೀಲಿ ಟಾರ್ಪಾಲಿಗೆ ಈ ದಾರ ಹಾಕೋದು ಅಂದರೆ ಹಳೇ ಸೈಕಲ್ಲಿಗೆ ಬುಲೆಟ್ ಟೈರ್ ಹಾಕಿದ ಹಾಗೆ.

ಒಳ್ಳೆ ದಾರ ದುಬಾರಿ ಅನ್ನೋರಿಗೆ ಒಂದು ಲೆಕ್ಕ. 10 ಅಡಿ ಉದ್ದ, 8 ಅಡಿ ಅಗಲದ ಚಾವಣಿ ಅಂದುಕೊಳ್ಳಿ. ನಾಲ್ಕು ಅಂಚು, ನಡುವೆ ಒಂದು ಜೋಡಣೆ, ಎಲ್ಲಕ್ಕೂ ಎರಡೆರಡು ಸಾಲು, ಮುಂದೆ ಜಾಲರಿಗೊಂದು ಹೊಲಿಗೆ. ಒಟ್ಟು ಹೊಲಿಗೆ ಸುಮಾರು 100 ಅಡಿ, ಅಂದರೆ 30 ಮೀಟರ್. ಮೇಲಿನ ದಾರ, ಬಾಬಿನ್ ದಾರ ಸೇರಿ ಹೊಲಿಗೆಯ ಉದ್ದದ ಎರಡೂವರೆಯಿಂದ ಮೂರು ಪಟ್ಟು ದಾರ ಬೇಕು. 90 ಮೀಟರ್ ಅಂತಿಟ್ಟುಕೊಂಡರೂ, 90 ಟೆಕ್ಸ್ ದಾರ ಅಷ್ಟುದ್ದಕ್ಕೆ ತೂಗೋದು 8 ಗ್ರಾಂ. ಇಡೀ ಚಾವಣಿಯನ್ನು ಹಿಡಿದಿಟ್ಟಿರೋದು ಒಂದೆರಡು ಚಮಚ ಸಕ್ಕರೆ ತೂಕದ ದಾರ. ಅದಕ್ಕೆ ನಾಲ್ಕು ಕಾಸು ಉಳಿಸಿ, ಬಟ್ಟೆ, ಕೂಲಿ, ಪೈಪ್ ಎಲ್ಲಕ್ಕೂ ಎರಡನೇ ಸಲ ದುಡ್ಡು ಕೊಡ್ತಿದ್ದೀವಿ. ಹೊಲಿಯೋರ ಹತ್ತಿರ ಸರಿಯಾದ ದಾರ ಇಲ್ಲ ಅಂದರೆ ಒಂದು ಕೋನ್ ನೀವೇ ತಂದುಕೊಡಿ. ಅಕ್ಕಪಕ್ಕದ ನಾಲ್ಕು ಅಂಗಡಿಯವರು ಸೇರಿ ತಂದರೆ ಎಲ್ಲರಿಗೂ ಆಗಿ ಮಿಗುತ್ತೆ.

ತಂದದ್ದು ನೈಲಾನಾ, ಪಾಲಿಯೆಸ್ಟರಾ ಅಂತ ಅನುಮಾನ ಇದ್ದರೆ ತುದಿಗೆ ಬೆಂಕಿಕಡ್ಡಿ ತೋರಿಸಿ. ಕಪ್ಪು ಹೊಗೆ ಎದ್ದು, ಆರಿದ ಮೇಲೆ ಗಟ್ಟಿ ಕಪ್ಪು ಮಣಿ ಉಳಿದರೆ ಪಾಲಿಯೆಸ್ಟರ್. ಹೊಗೆ ಬೆಳ್ಳಗಿದ್ದು ಮಣಿ ಬೂದು ಅಥವಾ ಕಂದು ಆದರೆ ನೈಲಾನ್. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಕಾಟನ್. ಪಿಟಿಎಫ್‌ಇ ದಾರವನ್ನು ಮಾತ್ರ ಹೀಗೆ ಸುಡಬೇಡಿ, ತೀರಾ ಕಾದಾಗ ಬರುವ ಹೊಗೆ ವಿಷ. ಅದರ ತುದಿಯನ್ನು ಕತ್ತರಿಯಲ್ಲೇ ಕತ್ತರಿಸಿ.

ಹೊಲಿಯುವಾಗ

ಮನೆ ಮೆಷಿನ್ ಈ ದಾರಕ್ಕೆ ಆಗಲ್ಲ. ಸೀಟ್ ಕವರ್ ಹೊಲಿಯುವ ದೊಡ್ಡ ಮೆಷಿನ್, 18ನೇ ನಂಬರ್ ಅಥವಾ ಅದಕ್ಕಿಂತ ದಪ್ಪ ಸೂಜಿ ಬೇಕು. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅನ್ನೋದು ತಪ್ಪು. ತೂತುಗಳು ಹತ್ತಿರವಾದಷ್ಟೂ ರಸೀದಿ ಪುಸ್ತಕದ ಹಾಳೆ ಹರಿಯುವ ಗೆರೆಯ ಹಾಗೆ ಬಟ್ಟೆಯೇ ಹರಿಯುತ್ತೆ. ಇಂಚಿಗೆ ಆರೇಳು ಹೊಲಿಗೆ ಸಾಕು. ಬಾಬಿನ್ನಿಗೂ ಅದೇ ದಾರ ಇರಲಿ. ಜೋಡಣೆಯಲ್ಲಿ ಎರಡು ಅಂಚನ್ನೂ ಒಂದರೊಳಗೊಂದು ಮಡಚಿ ಹೊಲಿಯಲಿ, ನೀರು ಹರಿಯುವ ದಿಕ್ಕಿಗೆ ಮಡಿಕೆ ಇರಲಿ. ಪಾಲಿಯೆಸ್ಟರ್ ಕಾಟನ್ನಿನ ಹಾಗೆ ಉಬ್ಬಿ ಸೂಜಿ ತೂತು ಮುಚ್ಚೋಲ್ಲ, ಅದಕ್ಕೇ ಆ ಗೆರೆಯ ಮೇಲೆ ಮೇಣ ಉಜ್ಜಿದರೆ ಸೋರೋದು ಕಡಿಮೆ.

ಕಬ್ಬಿಣದ ಪೈಪ್ ಇನ್ನೊಬ್ಬ ಶತ್ರು. ದೊಡ್ಡಬಳ್ಳಾಪುರ, ಹೆಸರಘಟ್ಟ ಕಡೆ ಪಾಲಿಹೌಸ್ ಇಟ್ಟವರನ್ನು ಕೇಳಿ, 200 ಮೈಕ್ರಾನಿನ ಹಾಳೆ ಬೇರೆ ಕಡೆಗಿಂತ ಮೊದಲು ಒಡೆಯೋದು ಪೈಪಿಗೆ ತಾಗಿದ ಕಡೆ. ಬಿಸಿಲಿಗೆ ಕಾದ ಕಬ್ಬಿಣ ಬಟ್ಟೆಯನ್ನು ಕೆಳಗಿನಿಂದ ಬೇಯಿಸುತ್ತೆ. ಪೈಪಿಗೆ ಬಿಳಿ ಪೇಂಟ್ ಬಳಿಯಿರಿ, ಇಲ್ಲವೇ ಹಳೇ ಬಟ್ಟೆ ಸುತ್ತಿ. ಹೊಲಿಗೆಯ ಸಾಲು ಪೈಪಿನ ಮೇಲೆಯೇ ಕೂರದ ಹಾಗೆ ಅಳತೆ ಕೊಡಿ.

ಇಳಿಜಾರು ಇಲ್ಲದೆ ಚಪ್ಪಟೆ ಕಟ್ಟಿದರೆ ಯಾವ ದಾರವೂ ಉಳಿಸೋಲ್ಲ. ಒಂದು ಚದರ ಮೀಟರ್ ಜಾಗದಲ್ಲಿ 5 ಸೆಂ.ಮೀ. ನೀರು ನಿಂತರೆ 50 ಲೀಟರ್, 50 ಕೆ.ಜಿ. ಅಂದರೆ 25 ಕೆ.ಜಿ.ಯ ಎರಡು ಅಕ್ಕಿ ಮೂಟೆಯನ್ನು ಚಾವಣಿ ಮೇಲೆ ಇಟ್ಟ ಹಾಗೆ.

ಹಳೇದನ್ನು ಬಿಸಾಡೋ ಮುಂಚೆ

ಮಾರ್ಚ್‌ನಲ್ಲೇ ಒಂದು ದಿನ ಏಣಿ ಹಾಕಿ ಹತ್ತಿ ಮೇಲ್ಭಾಗದ ಹೊಲಿಗೆಯನ್ನು ಉಗುರಲ್ಲಿ ಗೀರಿ ನೋಡಿ. ಕೆಳಗೆ ನಿಂತು ನೋಡಿದರೆ ಗೊತ್ತಾಗಲ್ಲ, ನೆರಳಲ್ಲಿರುವ ಬಾಬಿನ್ ದಾರ ಇನ್ನೂ ಚೆನ್ನಾಗಿಯೇ ಕಾಣುತ್ತೆ. ಮೇಲಿನ ದಾರದಲ್ಲಿ ನವಿರು ಎದ್ದಿದ್ದರೆ, ಪುಡಿ ಬಂದರೆ, ಸೂಜಿಯಲ್ಲಿ ಒಂದು ಹೊಲಿಗೆ ಎಬ್ಬಿಸಿದ ಕೂಡಲೇ ತುಂಡಾದರೆ ಆ ಹೊಲಿಗೆ ಮುಗಿದಿದೆ ಅಂತ ಅರ್ಥ. ಆಮೇಲೆ ಬಟ್ಟೆ ನೋಡಿ. ಮಡಚಿದಾಗ ಬಿರುಕು ಬಿಡದಿದ್ದರೆ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದಾಗ ಹರಿಯದಿದ್ದರೆ ಹೊಸದು ಬೇಡ. ಹಳೇ ಸಾಲಿನಿಂದ ಅರ್ಧ ಬೆರಳು ಪಕ್ಕಕ್ಕೆ, ಒಳ್ಳೆ ದಾರದಲ್ಲಿ ಹೊಸ ಸಾಲು ಹಾಕಿಸಿ. ಹಳೇ ತೂತಿನಲ್ಲೇ ಹೊಲಿಯೋಕೆ ಹೋದರೆ ತೂತು ದೊಡ್ಡದಾಗುತ್ತೆ. ಮೂಲೆಯ ಐಲೆಟ್ ಉಂಗುರಗಳು ತುಕ್ಕು ಹಿಡಿದಿದ್ದರೆ ಆಗಲೇ ಹಿತ್ತಾಳೆಯದಕ್ಕೆ ಬದಲಾಯಿಸಿಬಿಡಿ, ತುಕ್ಕು ಸುತ್ತಲ ಬಟ್ಟೆಯನ್ನೂ ಕೆಡಿಸುತ್ತೆ.

ಏಪ್ರಿಲ್ ಬಂದರೆ ಹೊಲಿಯೋರ ಹತ್ತಿರ ಕೆಲಸ ತುಂಬಿಕೊಳ್ಳುತ್ತೆ, ಅವಸರದಲ್ಲಿ ಮೆಷಿನ್ನಿನಲ್ಲಿದ್ದ ದಾರವೇ ನಿಮ್ಮ ಟಾರ್ಪಾಲಿಗೂ ಬೀಳುತ್ತೆ.

ಟೀ ಅಂಗಡಿ, ಗೋಬಿ ಗಾಡಿ ಇಟ್ಟವರು ಇನ್ನೊಂದು ನೋಡಿಕೊಳ್ಳಬೇಕು. ನೀಲಿ ಟಾರ್ಪಾಲಿನ ಪ್ಲಾಸ್ಟಿಕ್ ಸುಮಾರು 130 ಡಿಗ್ರಿಗೇ ಕರಗುತ್ತೆ, ಹೊತ್ತಿಕೊಂಡರೆ ಉರಿಯುವ ಹನಿಗಳು ಕೆಳಗೆ ಬೀಳುತ್ತವೆ. ಒಲೆಯ ನೇರ ಮೇಲೆ ಟಾರ್ಪಾಲ್ ಬರದ ಹಾಗೆ, ಆ ಭಾಗಕ್ಕೆ ತಗಡಿನ ಶೀಟ್ ಹಾಕಿಸಿ ಪಕ್ಕಕ್ಕೆ ಬಟ್ಟೆ ಕಟ್ಟಿ.